ಗಾರ್ಮೆಂಟ್ಸ್ ದೂರನ್ನು ವಿದೇಶಿ ಬ್ರಾಂಡ್‌ವರೆಗೆ ಮುಟ್ಟಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು. ಎಲ್ಲಿಂದ ಹೊರಟರೂ ಗಾರ್ಮೆಂಟ್ಸ್ ದೂರುಗಳು ಹೆಚ್ಚಾಗಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಓಟಿ (ಓವರ್‌ಟೈಮ್) ದುಡ್ಡು ಬಂದಿಲ್ಲವೆಂದೋ, ಸೂಪರ್‌ವೈಸರ್ ಕೆಟ್ಟ ಮಾತಾಡಿದನೆಂದೋ ಯಾರೋ ಒಬ್ಬರು ಸಿಟ್ಟಿನಲ್ಲಿ ಬ್ರಾಂಡಿನ ಇನ್‌ಸ್ಟಾಗ್ರಾಂ ಪುಟಕ್ಕೆ ಮೆಸೇಜ್ ಹಾಕುತ್ತಾರೆ. "ಪರಿಶೀಲಿಸುತ್ತೇವೆ" ಎಂಬ ಉತ್ತರ ಬರುತ್ತದೆ. ಕೆಲವು ವಾರದ ಮೇಲೆ, ಮೊದಲೇ ದಿನ ತಿಳಿಸಿ, ಆಡಿಟ್ (ಬ್ರಾಂಡ್ ಪರವಾಗಿ ನಡೆಯುವ ಕಾರ್ಖಾನೆ ತಪಾಸಣೆ) ಬರುತ್ತದೆ. ಆ ದಿನ ಕುಡಿಯುವ ನೀರು, ಮಾಸ್ಕ್, ಶೌಚಾಲಯ ಎಲ್ಲವೂ ಸರಿಯಾಗಿರುತ್ತದೆ. ಆಡಿಟರ್ ಗೇಟು ದಾಟಿದ ಮೇಲೆ ಮೆಸೇಜ್ ಕಳಿಸಿದ್ದು ಯಾರೆಂಬ ಹುಡುಕಾಟ ಶುರುವಾಗಿ, ಕೊನೆಗೆ ಕೆಲಸ ಹೋಗುವುದು ದೂರು ಕೊಟ್ಟವರದ್ದೇ.

ಇಂಥ ದೂರುಗಳಲ್ಲಿ ಸತ್ಯಕ್ಕೆ ಕೊರತೆ ಇರುವುದಿಲ್ಲ. ಮೊದಲು ಮಾಡಬೇಕಾದದ್ದನ್ನು ಕೊನೆಗೆ, ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಿರುತ್ತಾರೆ, ಅಷ್ಟೇ. ಕೆಳಗಿನ ಕ್ರಮ ರಫ್ತು ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಟೈಲರ್, ಹೆಲ್ಪರ್, ಚೆಕ್ಕರ್‌ಗಳಿಗೆ, ಅವರ ಪರವಾಗಿ ಪತ್ರ ಬರೆದುಕೊಡುವ ಮನೆಮಕ್ಕಳಿಗೆ ಮತ್ತು ಯೂನಿಯನ್ ಕೆಲಸಕ್ಕೆ ಹೊಸದಾಗಿ ಬಂದವರಿಗೆ.

ಶುರುಮಾಡುವ ಮುಂಚೆ ಕೈಯಲ್ಲಿರಬೇಕಾದವು

ಒಂದು ನೋಟ್‌ಬುಕ್, ಕಂಪನಿಯ ವೈಫೈಗೆ ಸೇರಿಸದ ಒಂದು ಮೊಬೈಲ್, ಇದೇ ಕೆಲಸಕ್ಕೆಂದು ಹೊಸದಾಗಿ ತೆರೆದ ಇಮೇಲ್. ಕಾಗದಗಳಲ್ಲಿ ನೇಮಕಾತಿ ಪತ್ರ (ಕೊಟ್ಟಿದ್ದರೆ), ಐಡಿ ಕಾರ್ಡಿನ ಎರಡೂ ಬದಿಯ ಫೋಟೊ, ಕನಿಷ್ಠ ಒಂದು ವರ್ಷದ ಪೇ ಸ್ಲಿಪ್, ಸಂಬಳ ಬೀಳುವ ಬ್ಯಾಂಕಿನ ಪಾಸ್‌ಬುಕ್, ಪಿಎಫ್ ಖಾತೆಯ ಯುಎಎನ್ ನಂಬರ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ನಂಬರ್.

ಒಂದು ವಿಷಯ ಈಗಲೇ ನೋಡಿಕೊಳ್ಳಿ. ಗೇಟಿನ ಬೋರ್ಡಿನಲ್ಲಿರುವ ಕಂಪನಿ ಹೆಸರು, ಪೇ ಸ್ಲಿಪ್‌ನಲ್ಲಿರುವ ಹೆಸರು, ಪಿಎಫ್ ಪಾಸ್‌ಬುಕ್‌ನಲ್ಲಿರುವ ಹೆಸರು ಮೂರೂ ಒಂದೇ ಆಗಿರುತ್ತವೆ ಎಂದುಕೊಳ್ಳಬೇಡಿ. ಒಂದು ದೊಡ್ಡ ಕಂಪನಿಗೆ ಹತ್ತಾರು ಯೂನಿಟ್, ಬೇರೆ ಬೇರೆ ಹೆಸರು ಇರುತ್ತವೆ. ಮೂರನ್ನೂ, ಯೂನಿಟ್ ನಂಬರ್ ಮತ್ತು ಪೂರ್ತಿ ವಿಳಾಸದ ಸಮೇತ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. "ಈ ಹೆಸರಿನ ಕಾರ್ಖಾನೆ ನಮ್ಮ ಪಟ್ಟಿಯಲ್ಲಿಲ್ಲ" ಎಂದು ಬ್ರಾಂಡ್ ಕಡತ ಮುಚ್ಚುವುದಕ್ಕೆ ಬಹಳ ಸಲ ಈ ಹೆಸರಿನ ಗೊಂದಲವೇ ಕಾರಣ.

ಹಂತ 1: ಒಬ್ಬರೇ ಮುಂದೆ ಹೋಗಬೇಡಿ

ಒಬ್ಬರ ಹೆಸರಿನ ದೂರು ಒಬ್ಬರನ್ನು ತೆಗೆದುಹಾಕಿದರೆ ಮುಗಿದುಹೋಗುತ್ತದೆ. ಬೇರೆ ಬೇರೆ ಲೈನಿನ ನಾಲ್ಕೈದು ಜನರಾದರೂ ಸೇರಿದ ಮೇಲೆ ಹೆಜ್ಜೆ ಇಡಿ. ಒಂದೇ ಲೈನಿನವರಾದರೆ "ಆ ಸೂಪರ್‌ವೈಸರ್ ಜೊತೆ ವೈಯಕ್ತಿಕ ಜಗಳ" ಎಂದು ತಳ್ಳಿಹಾಕುವುದು ಸುಲಭ. ಕಟಿಂಗ್, ಸ್ಟಿಚಿಂಗ್, ಫಿನಿಶಿಂಗ್ ಮೂರೂ ಕಡೆಯವರು ಒಂದೇ ಮಾತು ಹೇಳಿದರೆ ಅದು ಕಾರ್ಖಾನೆಯ ಪದ್ಧತಿ ಎಂದು ತಾನಾಗಿ ತಿಳಿಯುತ್ತದೆ.

ಸೇರುವ ಜಾಗ ಕಂಪನಿ ಬಸ್ ಆಗಬಾರದು, ಗೇಟಿನೆದುರಿನ ಟೀ ಅಂಗಡಿಯೂ ಬೇಡ. ಭಾನುವಾರ ಯಾರದಾದರೂ ಮನೆಯಲ್ಲಿ ಕೂತು ಮಾತಾಡಿ. ಐವತ್ತು ಜನರ ವಾಟ್ಸಾಪ್ ಗ್ರೂಪ್ ಮಾಡಬೇಡಿ. ಅದರ ಸ್ಕ್ರೀನ್‌ಶಾಟ್ ಸಂಜೆಯೊಳಗೆ ಎಚ್‌ಆರ್ ಮೇಜಿನ ಮೇಲಿರುತ್ತದೆ.

ಬೆಂಗಳೂರು ಸುತ್ತ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಗಾರ್ಮೆಂಟ್ ಲೇಬರ್ ಯೂನಿಯನ್, ಕರ್ನಾಟಕ ಗಾರ್ಮೆಂಟ್ ವರ್ಕರ್ಸ್ ಯೂನಿಯನ್ ವರ್ಷಗಳಿಂದ ಕೆಲಸ ಮಾಡುತ್ತಿವೆ. ನಿಮ್ಮ ಕಾರ್ಖಾನೆಯಲ್ಲಿ ಯೂನಿಯನ್ ಇಲ್ಲದಿದ್ದರೂ ನೀವು ಸದಸ್ಯರಾಗಬಹುದು. ಇದರಲ್ಲಿ ದೊಡ್ಡ ಅನುಕೂಲವೊಂದಿದೆ: ಪತ್ರಕ್ಕೆ ಹೊರಗಿನ ಯೂನಿಯನ್ ಪದಾಧಿಕಾರಿ ಸಹಿ ಹಾಕುತ್ತಾರೆ, ಒಳಗೆ ಮೆಷಿನ್ ಮೇಲೆ ಕೂತ ಯಾರ ಹೆಸರೂ ಮ್ಯಾನೇಜ್‌ಮೆಂಟ್ ಕೈಗೆ ಹೋಗುವುದಿಲ್ಲ. ನನ್ನ ಮಟ್ಟಿಗೆ ಈ ಒಂದು ಕಾರಣಕ್ಕೇ ಯೂನಿಯನ್ ಇಲ್ಲದೆ ಬ್ರಾಂಡ್‌ಗೆ ಬರೆಯಬಾರದು.

ಇದಕ್ಕೆ ಒಂದು ಹೊರತು ಇದೆ. ಯಾರಾದರೂ ಮೈ ಮುಟ್ಟಿದರೆ, ಹೊಡೆದರೆ, ಕೂಡಿಹಾಕಿದರೆ, ಬೆಂಕಿ ಬಿದ್ದಾಗ ಹೊರಹೋಗುವ ಬಾಗಿಲಿಗೆ ಬೀಗ ಹಾಕಿದ್ದರೆ, ಜನ ಸೇರುವವರೆಗೆ ಕಾಯಬೇಡಿ. 112ಕ್ಕೆ ಕರೆ ಮಾಡಿ, ಆಮೇಲೆ ಉಳಿದ ಹಂತಗಳು.

ಹಂತ 2: ಅನ್ಯಾಯವನ್ನು ಲೆಕ್ಕಕ್ಕೆ ಇಳಿಸಿ

"ಓಟಿ ಸರಿಯಾಗಿ ಕೊಡಲ್ಲ" ಎಂದು ಬರೆದರೆ ಯಾರೂ ಏನೂ ಮಾಡಲಾರರು. ಎಷ್ಟು ಗಂಟೆ, ಎಷ್ಟು ರೂಪಾಯಿ, ಎಷ್ಟು ಜನಕ್ಕೆ ಎಂದು ಬರೆದರೆ ಉತ್ತರ ಕೊಡದೆ ಇರಲಾಗುವುದಿಲ್ಲ. ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದು, ಹೆಚ್ಚು ಜನ ಹಾರಿಸಿಬಿಡುವ ಹಂತವೂ ಇದೇ.

ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕು. ಲೆಕ್ಕ ಹೀಗೆ ಹಾಕಿ. ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ ₹13,000 ಎಂದಿಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ ₹500. ಅದನ್ನು 8ಕ್ಕೆ ಭಾಗಿಸಿದರೆ ಗಂಟೆಗೆ ₹62.50. ಓಟಿಯಾದರೆ ₹125. ತಿಂಗಳಲ್ಲಿ 18 ಗಂಟೆ ಓಟಿ ಮಾಡಿದ್ದರೆ ಸಿಗಬೇಕಾದದ್ದು ₹2,250. ಸ್ಲಿಪ್‌ನಲ್ಲಿ ₹1,125 ಮಾತ್ರ ಇದ್ದರೆ ಒಂಟಿ ದರ ಕೊಟ್ಟಿದ್ದಾರೆ ಎಂದರ್ಥ. ಲೈನಿನ 40 ಜನಕ್ಕೂ ಹೀಗೇ ಆಗಿದ್ದರೆ ಒಂದು ತಿಂಗಳಿಗೆ ₹45,000 ಬಾಕಿ. ಪತ್ರದಲ್ಲಿ ಹೋಗಬೇಕಾದದ್ದು ಈ ಕೊನೆಯ ಅಂಕಿ ಮತ್ತು ಅದು ಬಂದ ದಾರಿ.

'ಕಾಂಪ್ ಆಫ್' ಹೆಸರಿನಲ್ಲಿ ನಡೆಯುವುದನ್ನು ಬೇರೆಯಾಗಿ ಬರೆಯಿರಿ. ಕರೆಂಟ್ ಇಲ್ಲ, ಬಟ್ಟೆ ಬಂದಿಲ್ಲ ಎಂದು ಬುಧವಾರ ಮನೆಗೆ ಕಳಿಸಿ, ಭಾನುವಾರ ಕರೆಸಿ ಓಟಿ ಇಲ್ಲದೆ ದುಡಿಸುವುದು ಪೇ ಸ್ಲಿಪ್‌ನಲ್ಲಿ ಕಾಣುವುದೇ ಇಲ್ಲ. ಯಾವ ದಿನ ಎಷ್ಟು ಗಂಟೆಗೆ ಕಳಿಸಿದರು, ಯಾವ ದಿನ ಅದರ ಬದಲು ದುಡಿಸಿದರು ಎಂದು ನೋಟ್‌ಬುಕ್‌ನಲ್ಲಿ ಇದ್ದರೆ ಮಾತ್ರ ಸಾಬೀತಾಗುತ್ತದೆ.

ಸಂಬಳದ ಉಳಿದ ಅಂಕಿಗಳನ್ನೂ ಹೀಗೇ ತಾಳೆ ನೋಡಿ:

ಪಿಎಫ್‌ಗೆ ನಿಮ್ಮ ಪಾಲು ಶೇ 12. ಸ್ಲಿಪ್‌ನಲ್ಲಿ ಕಡಿತವಾದ ಮೊತ್ತ ಪಾಸ್‌ಬುಕ್‌ನಲ್ಲಿ ಅದೇ ತಿಂಗಳ ಹೆಸರಿನಲ್ಲಿ ಜಮಾ ಆಗಿದೆಯೇ ನೋಡಿ. ಉಮಂಗ್ ಆ್ಯಪ್‌ನಲ್ಲಿ ನೋಡಬಹುದು.

ಇಎಸ್‌ಐಗೆ ನಿಮ್ಮ ಪಾಲು ಶೇ 0.75, ಕಂಪನಿಯದು ಶೇ 3.25. ನಿಮ್ಮ ಕಡೆಯಿಂದ ಇದಕ್ಕಿಂತ ಹೆಚ್ಚು ಕಡಿತವಾಗಿದ್ದರೆ ಕಂಪನಿಯ ಪಾಲನ್ನೂ ನಿಮ್ಮಿಂದಲೇ ವಸೂಲಿ ಮಾಡುತ್ತಿರಬಹುದು.

ಏಪ್ರಿಲ್ ತಿಂಗಳ ಸ್ಲಿಪ್ ಅನ್ನು ಮಾರ್ಚ್ ಸ್ಲಿಪ್ ಪಕ್ಕದಲ್ಲಿಟ್ಟು ನೋಡಿ. ಕರ್ನಾಟಕದಲ್ಲಿ ತುಟ್ಟಿಭತ್ಯೆ ಪರಿಷ್ಕರಣೆ ಏಪ್ರಿಲ್ 1ರಿಂದ ಅನ್ವಯಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಏರಬೇಕಿದ್ದ ತಿಂಗಳಿಗೆ ₹417ನ್ನು ರಾಜ್ಯದ ಬಹುಪಾಲು ಗಾರ್ಮೆಂಟ್ಸ್‌ಗಳು ತಡೆಹಿಡಿದವು. ಕೋರ್ಟ್ ಮೆಟ್ಟಿಲೇರಿದ ಮೇಲೂ ದುಡ್ಡು ಬರಲಿಲ್ಲ. ಯೂನಿಯನ್‌ಗಳು ಮತ್ತು ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಎಂಬ ಅಮೆರಿಕದ ಕಾರ್ಮಿಕ ಹಕ್ಕುಗಳ ಸಂಸ್ಥೆ ಬ್ರಾಂಡ್‌ಗಳ ಬೆನ್ನು ಹತ್ತಿದ ನಂತರ, 2022ರ ಆರಂಭದಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡಲು ಶುರುಮಾಡಿದವು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ವಿಷಯ ಅದು. ಅಲ್ಲಿ ಕೇಳಿದ್ದು ಯಾರಿಗೂ ಅರ್ಥವಾಗುವ ಒಂದೇ ಅಂಕಿ: ಇಷ್ಟು ರೂಪಾಯಿ, ಇಷ್ಟು ತಿಂಗಳು.

ಬೈಗುಳ, ಟಾರ್ಗೆಟ್ ಒತ್ತಡ, ಶೌಚಾಲಯಕ್ಕೆ ಹೋಗಲು ಬಿಡದಿರುವುದು ಅಂಕಿಗೆ ಇಳಿಯುವುದಿಲ್ಲವೆಂದು ಬಿಡಬೇಡಿ. ದಿನಾಂಕ, ಸಮಯ, ಲೈನ್ ನಂಬರ್, ಆಡಿದ ಮಾತು ಇದ್ದ ಹಾಗೇ, ಪಕ್ಕದಲ್ಲಿ ಕೇಳಿಸಿಕೊಂಡವರು ಯಾರು. ಗಂಟೆಗೆ ಎಷ್ಟು ಪೀಸ್ ಕೇಳಿದರು, ಎಷ್ಟು ಆಯಿತು. ಅವತ್ತಿನದನ್ನು ಅವತ್ತು ರಾತ್ರಿಯೇ ಬರೆಯಿರಿ. ತಿಂಗಳಾದ ಮೇಲೆ ನೆನಪಿಸಿಕೊಂಡು ಬರೆದ ಪುಟಕ್ಕೂ ದಿನದಿನ ಬರೆದ ಪುಟಕ್ಕೂ ಇರುವ ವ್ಯತ್ಯಾಸ ಓದುವವರಿಗೆ ಗೊತ್ತಾಗುತ್ತದೆ.

ಹಂತ 3: ಬಟ್ಟೆ ಯಾರದೆಂದು ಗುರುತಿಸಿ

ಕಾಲರ್ ಹತ್ತಿರದ ದೊಡ್ಡ ಲೇಬಲ್‌ನಲ್ಲಿ ಬ್ರಾಂಡ್ ಹೆಸರಿರುತ್ತದೆ, ಆದರೆ ನಿಮಗೆ ಬೇಕಾದ ಮಾಹಿತಿ ಹೆಚ್ಚಾಗಿ ಒಳಗಿನ ಸೈಡ್ ಸೀಮ್‌ಗೆ ಹೊಲಿದ ವಾಶ್ ಕೇರ್ ಲೇಬಲ್‌ನಲ್ಲಿರುತ್ತದೆ. ಸಣ್ಣ ಬಿಳಿ ಪಟ್ಟಿ, ಎರಡು ಮೂರು ಮಡಿಕೆ. ಒಗೆಯುವ ಗುರುತುಗಳನ್ನು ಬಿಟ್ಟು ಮುಂದೆ ನೋಡಿ. ಸ್ಟೈಲ್ ನಂಬರ್ ಇರಬಹುದು, ಅಮೆರಿಕಕ್ಕೆ ಹೋಗುವ ಬಟ್ಟೆಯಾದರೆ ಆರ್‌ಎನ್ ಎಂದು ಶುರುವಾಗುವ ಸಂಖ್ಯೆ, ಕೆನಡಾಕ್ಕಾದರೆ ಸಿಎ ಸಂಖ್ಯೆ ಇರುತ್ತದೆ. ಆರ್‌ಎನ್ ಸಂಖ್ಯೆಯನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ಕಂಪನಿಯದೆಂದು ತೋರಿಸುತ್ತದೆ. ಪ್ಯಾಕಿಂಗ್ ವಿಭಾಗದವರಿಗೆ ಕಾರ್ಟನ್ ಸ್ಟಿಕ್ಕರ್ ಮೇಲೆ ಪಿಓ (ಖರೀದಿ ಆರ್ಡರ್) ನಂಬರ್ ಮತ್ತು ಮಾಲು ಹೋಗುವ ದೇಶವೂ ಕಾಣುತ್ತದೆ.

ಇಲ್ಲಿ ದೊಡ್ಡ ಎಚ್ಚರಿಕೆ: ಲೇಬಲ್ ಕಿತ್ತು ತರಬೇಡಿ, ಪೀಸ್ ತರಬೇಡಿ. ಗೇಟ್ ಚೆಕಿಂಗ್‌ನಲ್ಲಿ ಸಿಕ್ಕರೆ ಕಳ್ಳತನದ ಕೇಸಾಗುತ್ತದೆ, ನಿಮ್ಮ ದೂರು ಅಲ್ಲಿಗೇ ಸಾಯುತ್ತದೆ. ಫ್ಲೋರ್‌ನಲ್ಲಿ ಮೊಬೈಲ್ ನಿಷೇಧವಿದ್ದರೆ ಫೋಟೊ ತೆಗೆಯಲೂ ಹೋಗಬೇಡಿ. ಒಬ್ಬೊಬ್ಬರು ಒಂದೊಂದು ಸಂಖ್ಯೆ ನೆನಪಿಟ್ಟುಕೊಂಡು ಹೊರಗೆ ಬಂದು ಬರೆದುಕೊಂಡರೆ ಸಾಕು. ಅದೇ ಬ್ರಾಂಡಿನ ಬಟ್ಟೆ ಅಂಗಡಿಯಲ್ಲಿ ಸಿಕ್ಕರೆ ಅಲ್ಲಿಯೂ ಲೇಬಲ್ ನೋಡಬಹುದು.

ಮುಂದೆ ಓಪನ್ ಸಪ್ಲೈ ಹಬ್ ಎಂಬ ಉಚಿತ ವೆಬ್‌ಸೈಟ್‌ನಲ್ಲಿ ಕಾರ್ಖಾನೆಯ ಹೆಸರು ಹುಡುಕಿ. ಪ್ರತಿ ಕಾರ್ಖಾನೆಗೂ ಅಲ್ಲಿ ಒಂದು ಗುರುತಿನ ಸಂಖ್ಯೆ ಇದೆ, ಯಾವ ಯಾವ ಬ್ರಾಂಡ್ ಅದನ್ನು ತನ್ನ ಪಟ್ಟಿಯಲ್ಲಿ ತೋರಿಸಿದೆ ಎಂಬುದೂ ಕಾಣುತ್ತದೆ. ಹೆಸರಿನಿಂದ ಸಿಗದಿದ್ದರೆ ನಕ್ಷೆಯಲ್ಲಿ ನಿಮ್ಮ ಕೈಗಾರಿಕಾ ಪ್ರದೇಶವನ್ನು ಹಿಗ್ಗಿಸಿ ನೋಡಿ, ಇಂಗ್ಲಿಷ್ ಕಾಗುಣಿತ ಬೇರೆಯಾಗಿರಬಹುದು. ಹಲವು ಬ್ರಾಂಡ್‌ಗಳು ತಮ್ಮ ವೆಬ್‌ಸೈಟ್‌ನಲ್ಲೂ ಕಾರ್ಖಾನೆಗಳ ಪಟ್ಟಿ ಹಾಕಿರುತ್ತವೆ.

ಒಂದು ಕಾರ್ಖಾನೆಗೆ ಮೂರು ನಾಲ್ಕು ಬಯರ್ (ಬಟ್ಟೆ ಕೊಳ್ಳುವ ಬ್ರಾಂಡ್) ಇರುವುದು ಸಾಮಾನ್ಯ. ಎಲ್ಲರ ಹೆಸರನ್ನೂ ಬರೆದು, ಯಾರ ಆರ್ಡರ್ ಹೆಚ್ಚು ಲೈನ್‌ಗಳಲ್ಲಿ ಓಡುತ್ತಿದೆ ಎಂದು ಪಕ್ಕದಲ್ಲಿ ಗುರುತು ಹಾಕಿ. ಮಾಲೀಕರು ಕೇಳುವುದು ಅವರ ಮಾತನ್ನೇ. ಲೇಬಲ್‌ನಲ್ಲಿರುವ ಬ್ರಾಂಡ್ ಯಾವ ಪಟ್ಟಿಯಲ್ಲೂ ನಿಮ್ಮ ಕಾರ್ಖಾನೆಯ ಹೆಸರು ತೋರಿಸದಿದ್ದರೆ, ಬ್ರಾಂಡ್‌ಗೆ ತಿಳಿಸದೆ ಒಳಗುತ್ತಿಗೆ ನಡೆಯುತ್ತಿರುವ ಸಾಧ್ಯತೆ ಇದೆ. ಅದೂ ಪತ್ರದಲ್ಲಿ ಹೋಗಬೇಕಾದ ವಿಷಯವೇ.

ಹಂತ 4: ಇಲ್ಲಿನ ಬಾಗಿಲು ಮೊದಲು ತಟ್ಟಿ, ಸ್ವೀಕೃತಿ ಇಟ್ಟುಕೊಳ್ಳಿ

ಬ್ರಾಂಡ್‌ಗೆ ಬರೆದ ಕೂಡಲೇ ಬರುವ ಮೊದಲ ಪ್ರಶ್ನೆ: "ಕಾರ್ಖಾನೆಗೆ ತಿಳಿಸಿದ್ದೀರಾ?" ಅದಕ್ಕೆ ಮುದ್ರೆ ಹಾಕಿದ ಕಾಗದವೇ ಉತ್ತರ. ಬಾಯಿಮಾತಿನಲ್ಲಿ ಎಚ್‌ಆರ್‌ಗೆ ಹೇಳಿದ್ದು ಹೇಳಿದಂತಲ್ಲ.

ಯೂನಿಯನ್ ಲೆಟರ್‌ಹೆಡ್‌ನಲ್ಲಿ ಕಾರ್ಖಾನೆಗೆ ಪತ್ರ ಕೊಡಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಸಂಬಳ, ಓಟಿ ವಿಷಯಕ್ಕೆ ಕಾರ್ಮಿಕ ಇಲಾಖೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಬೇರೆ ಕಡೆ ಜಿಲ್ಲೆ, ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರು. ಬಾಗಿಲು, ಬಿಸಿ, ಮೆಷಿನ್ ಗಾರ್ಡ್, ಬೆಂಕಿ ಸುರಕ್ಷತೆಗೆ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆ. ಪಿಎಫ್‌ಗೆ ಇಪಿಎಫ್‌ಓದ (ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಆನ್‌ಲೈನ್ ಕುಂದುಕೊರತೆ ಪೋರ್ಟಲ್, ಅಲ್ಲಿ ಸಿಗುವ ನೋಂದಣಿ ಸಂಖ್ಯೆಯನ್ನು ಬರೆದಿಡಿ.

ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯ ಆಂತರಿಕ ಸಮಿತಿ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಎಲ್ಲ ಕಡೆ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು, ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಸಮಿತಿಯೇ ಇಲ್ಲದಿದ್ದರೆ ಅಥವಾ ದೂರು ಮಾಲೀಕರ ಮೇಲೆಯೇ ಆಗಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಈ ಅವಧಿ ಮೀರಿಸಿಕೊಂಡು ಕೈಚೆಲ್ಲಿದವರು ಬಹಳ ಜನ. ಬ್ರಾಂಡ್ ಉತ್ತರಕ್ಕೆ ಕಾಯುತ್ತ ಈ ದಿನಾಂಕ ಕಳೆದುಕೊಳ್ಳಬೇಡಿ.

ಕಾನೂನಿನ ಹೆಸರು ಬರೆಯುವಾಗ ಜಾಗ್ರತೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಪತ್ರದ ಮಾದರಿಯಲ್ಲಿರುವ ಕಾಯ್ದೆ, ಕಲಂ ನಂಬರ್‌ಗಳನ್ನು ಹಾಗೇ ನಕಲು ಮಾಡಿದರೆ "ಆ ಕಾಯ್ದೆ ಈಗ ಇಲ್ಲ" ಎಂದು ತಿರುಗಿಸಿ ಕಳಿಸಬಹುದು. ಬಾಕಿ ಯಾವ ತಿಂಗಳದ್ದೋ ಆ ತಿಂಗಳಲ್ಲಿದ್ದ ಕಾನೂನನ್ನು ಯೂನಿಯನ್‌ನ ವಕೀಲರಿಂದ ಕೇಳಿ ಬರೆಯಿರಿ. ಗೊತ್ತಿಲ್ಲದಿದ್ದರೆ ಕಲಂ ಬಿಟ್ಟು ವಿಷಯವನ್ನಷ್ಟೇ ಬರೆಯುವುದು ಲೇಸು. ಓಟಿಗೆ ಎರಡು ಪಟ್ಟು ಎಂಬುದು ಹಳೆಯ ಕಾಯ್ದೆ, ಹೊಸ ಸಂಹಿತೆ ಎರಡರಲ್ಲೂ ಇದೆ.

ಹಂತ 5: ಬ್ರಾಂಡ್‌ಗೆ ಪತ್ರ

ಕಸ್ಟಮರ್ ಕೇರ್ ಇಮೇಲ್‌ಗೆ ಕಳಿಸಬೇಡಿ, ಅಲ್ಲಿರುವವರಿಗೆ ಪ್ಯಾಂಟಿನ ಅಳತೆ ಬದಲಿಸಿಕೊಡುವ ಅಧಿಕಾರ ಮಾತ್ರ ಇರುತ್ತದೆ. ಬ್ರಾಂಡಿನ ಜಾಲತಾಣದಲ್ಲಿ ಮಾನವ ಹಕ್ಕು, ಸುಸ್ಥಿರತೆ, ಸರಬರಾಜುದಾರರ ನೀತಿಸಂಹಿತೆ ಎಂಬ ಪುಟಗಳ ಕೆಳಗೆ ದೂರು ಸ್ವೀಕರಿಸುವ ವಿಳಾಸ ಇರುತ್ತದೆ. ಅಲ್ಲಿಗೆ ಕಳಿಸಿ, ಪ್ರತಿಯನ್ನು ಬ್ರಾಂಡಿನ ಭಾರತದ ಸೋರ್ಸಿಂಗ್ (ಮಾಲು ಖರೀದಿ) ಕಚೇರಿಗೆ ಹಾಕಿ.

ಬ್ರಾಂಡ್ ಯಾವ ದೇಶದ್ದು ಎಂಬುದು ಇಲ್ಲಿ ಮುಖ್ಯ. ಜರ್ಮನಿಯ ಸರಬರಾಜು ಸರಪಳಿ ಕಾನೂನು 2023ರಿಂದ ಜಾರಿಯಲ್ಲಿದೆ, 2024ರಿಂದ ಆ ದೇಶದಲ್ಲಿ ಕನಿಷ್ಠ ಸಾವಿರ ಉದ್ಯೋಗಿಗಳಿರುವ ಕಂಪನಿಗಳಿಗೆ ಅನ್ವಯಿಸುತ್ತಿದೆ. ಅಂಥ ಕಂಪನಿಗಳು ಹೊರದೇಶದ ಕಾರ್ಮಿಕರೂ ಬಳಸಬಹುದಾದ ದೂರು ವ್ಯವಸ್ಥೆ ಇಡಬೇಕು, ದೂರು ಬಂದಿದೆಯೆಂದು ಒಪ್ಪಿ ತಿಳಿಸಬೇಕು, ಗುರುತು ಗುಟ್ಟಾಗಿಡಬೇಕು. ನಾರ್ವೆಯಲ್ಲಿ 2022ರ ಜುಲೈನಿಂದ ಇರುವ ಪಾರದರ್ಶಕತೆ ಕಾನೂನಿನ ಪ್ರಕಾರ ಅದರಡಿ ಬರುವ ಕಂಪನಿಗೆ ಯಾರು ಬೇಕಾದರೂ ಬರೆದು ಮಾಹಿತಿ ಕೇಳಬಹುದು, ಸಾಮಾನ್ಯವಾಗಿ ಮೂರು ವಾರದೊಳಗೆ ಉತ್ತರ ಕೊಡಬೇಕು. ಆ ದೇಶಗಳ ಬ್ರಾಂಡ್ ಆಗಿದ್ದರೆ ಪತ್ರದಲ್ಲಿ ಈ ಕಾನೂನಿನ ಹೆಸರು ಒಂದು ಸಾಲಿನಲ್ಲಿ ಇರಲಿ.

ಪತ್ರ ಎರಡು ಪುಟ ದಾಟಬಾರದು. ಇಂಗ್ಲಿಷ್‌ನಲ್ಲಿ ಕಳಿಸುವುದಾದರೆ ಕನ್ನಡದ ಮೂಲವನ್ನೂ ಜೊತೆಗಿಡಿ, ಒಳಗಿನವರು ತಾವು ಒಪ್ಪಿದ ಮಾತು ಯಾವುದೆಂದು ಓದಿ ತಿಳಿದಿರಬೇಕು. ತಿರುಳು ಹೀಗಿರಲಿ:

"ಮಾನ್ಯರೆ, ನಿಮ್ಮ ಬಟ್ಟೆ ಹೊಲಿಯುವ ಈ ಕಾರ್ಖಾನೆಯಲ್ಲಿ (ಹೆಸರು, ಯೂನಿಟ್, ವಿಳಾಸ, ಓಪನ್ ಸಪ್ಲೈ ಹಬ್ ಸಂಖ್ಯೆ) ಈ ತಿಂಗಳಿಂದ ಈ ತಿಂಗಳವರೆಗೆ ಓಟಿಗೆ ಒಂಟಿ ದರ ಕೊಡಲಾಗಿದೆ. ನಿಮ್ಮ ಈ ಸ್ಟೈಲ್ ನಂಬರ್‌ಗಳು ಆ ಅವಧಿಯಲ್ಲಿ ಅದೇ ಲೈನ್‌ಗಳಲ್ಲಿ ಓಡಿವೆ. ಬಾಕಿ ಲೆಕ್ಕ ಲಗತ್ತಿಸಿದೆ. ಕಾರ್ಖಾನೆಗೆ ಈ ದಿನ, ಕಾರ್ಮಿಕ ಇಲಾಖೆಗೆ ಈ ದಿನ ದೂರು ಕೊಟ್ಟಿದ್ದೇವೆ, ಸ್ವೀಕೃತಿ ಲಗತ್ತಿಸಿದೆ. ಬಾಕಿಯನ್ನು ಈ ದಿನಾಂಕದೊಳಗೆ ಎಲ್ಲರ ಬ್ಯಾಂಕ್ ಖಾತೆಗೆ ಹಾಕಿಸಬೇಕು, ಕೆಲಸ ಬಿಟ್ಟವರಿಗೂ ಕೊಡಿಸಬೇಕು. ಯಾರ ಮೇಲೂ ಸೇಡು ತೀರಿಸಿಕೊಳ್ಳಬಾರದೆಂದು ಕಾರ್ಖಾನೆಗೆ ಬರವಣಿಗೆಯಲ್ಲಿ ತಿಳಿಸಬೇಕು. ಈ ದೂರಿನ ಕಾರಣಕ್ಕೆ ಆರ್ಡರ್ ಕಡಿಮೆ ಮಾಡಬಾರದು. ತನಿಖೆಯಲ್ಲಿ ಕಾರ್ಮಿಕರ ಜೊತೆ ಮಾತುಕತೆ ಕಾರ್ಖಾನೆಯ ಹೊರಗೆ, ಯೂನಿಯನ್ ಮೂಲಕ ನಡೆಯಬೇಕು. ಹದಿನಾಲ್ಕು ದಿನದೊಳಗೆ ಉತ್ತರ ನಿರೀಕ್ಷಿಸುತ್ತೇವೆ."

'ಆರ್ಡರ್ ಕಡಿಮೆ ಮಾಡಬಾರದು' ಎಂಬ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ದೂರು ಬಂದ ಕಾರ್ಖಾನೆಯಿಂದ ಕಳಚಿಕೊಂಡು ಬೇರೆ ಕಡೆ ಆರ್ಡರ್ ಕೊಡುವುದು ಬ್ರಾಂಡ್‌ಗೆ ಅತಿ ಸುಲಭದ ದಾರಿ, ಅದರಿಂದ ಬೀದಿಗೆ ಬೀಳುವವರು ನೀವು. ಹಾಗೆಯೇ "ಈ ಕಂಪನಿಗೆ ಆರ್ಡರ್ ನಿಲ್ಲಿಸಿ" ಎಂದು ಸಿಟ್ಟಿನಲ್ಲಿ ಬರೆಯುವುದೂ ಬೇಡ.

ಇನ್ನು ಪತ್ರವನ್ನು ಕೆಡಿಸುವ ತಪ್ಪುಗಳು. ಹತ್ತು ಸಮಸ್ಯೆ ಒಂದೇ ಪತ್ರದಲ್ಲಿ ತುಂಬುವುದು: ಕ್ಯಾಂಟೀನ್ ಸಾಂಬಾರಿನ ವಿಷಯಕ್ಕೆ ಮೊದಲು ಉತ್ತರ ಬರುತ್ತದೆ, ಓಟಿ ಹಾಗೇ ಉಳಿಯುತ್ತದೆ. ಉತ್ಪ್ರೇಕ್ಷೆ: ಒಂದು ಅಂಕಿ ಸುಳ್ಳೆಂದು ತೋರಿಸಿದರೆ ಉಳಿದ ಒಂಬತ್ತು ನಿಜಗಳೂ ಬಿದ್ದುಹೋಗುತ್ತವೆ. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಪೇ ಸ್ಲಿಪ್‌ನ ಹೆಸರು, ಟೋಕನ್ ನಂಬರ್ ಅಳಿಸದೆ ಕಳಿಸುವುದು. ಬ್ರಾಂಡ್‌ನವರು ಅದೇ ಫೈಲನ್ನು ಕಾರ್ಖಾನೆಗೆ ಫಾರ್ವರ್ಡ್ ಮಾಡಬಹುದು ಎಂದು ಭಾವಿಸಿಯೇ ಪ್ರತಿ ಲಗತ್ತನ್ನೂ ಸಿದ್ಧ ಮಾಡಿ.

ಹಂತ 6: ಆಡಿಟ್ ಬಂದಾಗ

ಆಡಿಟ್ ಬರುವ ಲಕ್ಷಣ ಒಳಗಿನವರಿಗೆ ಮೊದಲೇ ಗೊತ್ತಾಗುತ್ತದೆ. ಗೋಡೆಗೆ ಬಣ್ಣ, ಹೊಸ ಫಸ್ಟ್ ಏಡ್ ಡಬ್ಬಿ, "ಕೇಳಿದರೆ ಎಂಟು ಗಂಟೆ ಕೆಲಸ ಅನ್ನಿ" ಎಂಬ ಪಾಠ, ಚಿಕ್ಕ ವಯಸ್ಸಿನವರಿಗೆ ಆ ದಿನ ರಜೆ, ಆಡಿಟರ್‌ಗೆ ತೋರಿಸಲೆಂದೇ ಎರಡನೇ ರಿಜಿಸ್ಟರ್. ಇವನ್ನೆಲ್ಲ ದಿನಾಂಕದ ಸಮೇತ ಬರೆದು ಆಡಿಟ್‌ಗೆ ಮೊದಲೇ ಬ್ರಾಂಡ್‌ಗೆ ಕಳಿಸಿ. ಆಡಿಟ್ ಮುಗಿದ ಮೇಲೆ ಹೇಳಿದರೆ ದೂಷಣೆಯಂತೆ ಕೇಳಿಸುತ್ತದೆ. ಮೊದಲೇ ಹೇಳಿದ್ದು ನಿಜವಾದರೆ ಅದೇ ಸಾಕ್ಷಿ.

ಎಚ್‌ಆರ್ ಕೊಠಡಿಯಲ್ಲಿ, ಬಾಗಿಲು ತೆರೆದಿಟ್ಟು ಕೇಳಿದ ಪ್ರಶ್ನೆಗೆ ಜೀವ ಒತ್ತೆಯಿಟ್ಟು ಉತ್ತರಿಸಬೇಕಾಗಿಲ್ಲ. "ಇಲ್ಲಿ ಮಾತಾಡಲು ಆಗುವುದಿಲ್ಲ, ಹೊರಗೆ ಮಾತಾಡುತ್ತೇನೆ" ಎಂದು ಹೇಳಿ ಆಡಿಟರ್ ನಂಬರ್ ಕೇಳಿ. ಆದರೆ ಸುಳ್ಳು ಹೇಳಬೇಡಿ, ಆ ಸುಳ್ಳು ನಿಮ್ಮದೇ ದೂರಿನ ವಿರುದ್ಧ ವರದಿಯಲ್ಲಿ ಕೂರುತ್ತದೆ.

ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಯಾರಾದರೂ ತೋರಿಸಿದರೆ ನೆನಪಿರಲಿ: 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಗಾರ್ಮೆಂಟ್ಸ್‌ಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ವಾರಗಳ ಹಿಂದೆ ಅದಕ್ಕೆ ಎಸ್‌ಎ 8000 ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು.

ಹಂತ 7: ಸೇಡಿನ ಸೂಚನೆಗಳು

ಪತ್ರ ಹೋದ ಮೇಲಿನ ಒಂದೆರಡು ತಿಂಗಳು ಕಣ್ಣು ತೆರೆದಿರಬೇಕು. "ಅಕ್ಕಾ, ಇಲ್ಲೊಂದು ಸೈನ್ ಹಾಕಿ, ಬೇಗ, ಬಸ್ ಹೊರಡುತ್ತೆ" ಎಂದು ಖಾಲಿ ಕಾಗದ ಅಥವಾ ಇಂಗ್ಲಿಷ್ ಕಾಗದ ಚಾಚಿದರೆ ಸಹಿ ಬೇಡ. ಸ್ವಂತ ಇಚ್ಛೆಯ ರಾಜೀನಾಮೆ ಆಗಿರುವ ಸಾಧ್ಯತೆಯೇ ಹೆಚ್ಚು. ಒಮ್ಮೆ ಸಹಿ ಬಿದ್ದರೆ ಅದನ್ನು ಬಲವಂತವೆಂದು ಸಾಬೀತು ಮಾಡುವುದು ತುಂಬ ಕಷ್ಟ. "ಮನೆಗೆ ಒಯ್ದು ಓದಿಸಿ ತರುತ್ತೇನೆ" ಎನ್ನಿ.

ಗೊತ್ತಿದ್ದ ಆಪರೇಷನ್ (ಹೊಲಿಗೆಯಲ್ಲಿ ಒಬ್ಬೊಬ್ಬರ ಪಾಲಿನ ಕೆಲಸ) ಬಿಟ್ಟು ಹೊಸ ಆಪರೇಷನ್‌ಗೆ ಹಾಕಿ ಟಾರ್ಗೆಟ್ ಆಗಲಿಲ್ಲವೆಂದು ಮೆಮೊ ಕೊಡುವುದು, ದೂರದ ಯೂನಿಟ್‌ಗೆ ವರ್ಗ, ಗೇಟಿನಲ್ಲಿ ಪಂಚ್ ಆಗದಂತೆ ಮಾಡುವುದು, ಗಂಡ ಅಥವಾ ಅತ್ತೆಮನೆಯವರಿಗೆ ಫೋನ್ ಮಾಡಿ "ಬುದ್ಧಿ ಹೇಳಿ" ಎನ್ನುವುದು, ಇವೆಲ್ಲ ಸೇಡೇ. ಗೇಟಿನಲ್ಲಿ ತಡೆದರೆ ಸುಮ್ಮನೆ ಮನೆಗೆ ಹೋಗಬೇಡಿ. ಹೋದರೆ 'ಗೈರುಹಾಜರು' ಎಂದು ಬರೆಯುತ್ತಾರೆ. ಅಲ್ಲಿಂದಲೇ ಯೂನಿಯನ್‌ಗೆ ಫೋನ್ ಮಾಡಿ, ಗೇಟು ಮತ್ತು ಸಮಯ ಕಾಣುವಂತೆ ರಸ್ತೆಯಿಂದ ಫೋಟೊ ತೆಗೆದು, ಅವತ್ತೇ ಎಚ್‌ಆರ್‌ಗೆ "ಕೆಲಸಕ್ಕೆ ಬಂದಿದ್ದೆ, ಒಳಗೆ ಬಿಡಲಿಲ್ಲ" ಎಂದು ಇಮೇಲ್ ಮಾಡಿ. ಅದೇ ದಿನ ಬ್ರಾಂಡ್‌ಗೂ ತಿಳಿಸಬೇಕು.

ಕಾರ್ಖಾನೆಯೇ ಮುಚ್ಚುವ ಸೂಚನೆಗಳು ಬೇರೆ. ಬಟ್ಟೆ ಮೊದಲು ಬರುವುದು ಕಟಿಂಗ್‌ಗೆ, ಹಾಗಾಗಿ ಮೊದಲು ಖಾಲಿಯಾಗುವುದೂ ಕಟಿಂಗ್ ಟೇಬಲ್ಲೇ. ಹೊಸ ರೋಲ್ ಬರುವುದು ನಿಂತು, ಪಿಎಫ್ ತಡವಾಗಿ, ರಿಪೇರಿ ಹೆಸರಿನಲ್ಲಿ ಮೆಷಿನ್‌ಗಳು ಹೊರಟರೆ ಕಾಯಬೇಡಿ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಒಂದರಲ್ಲಿ ಮೆಷಿನ್ ಸಾಗಿಸಿ ಸಾವಿರಕ್ಕೂ ಹೆಚ್ಚು ಜನರಿಗೆ ಲೇ ಆಫ್ (ಕೆಲಸವಿಲ್ಲವೆಂದು ಹೊರಗಿಡುವುದು) ಕೊಟ್ಟಾಗ ಮಹಿಳೆಯರು ವಾರಗಟ್ಟಲೆ ಅಲ್ಲಿಯೇ ಧರಣಿ ಕೂತರು. ಜೊತೆಗೆ ಯೂನಿಯನ್, ಇಂಡಸ್ಟ್ರಿಆಲ್ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟದ ಮೂಲಕ ಎಚ್ ಅಂಡ್ ಎಂ ಮೇಲೆ ಒತ್ತಡ ತಂದಿತು. ಆ ಬ್ರಾಂಡ್ ಮತ್ತು ಒಕ್ಕೂಟದ ನಡುವೆ ಮೊದಲೇ ಜಾಗತಿಕ ಒಪ್ಪಂದವಿತ್ತು. 2021ರ ಆರಂಭದಲ್ಲಿ ಮೈಸೂರಿನ ಯೂನಿಟ್‌ನಲ್ಲಿ ಮರಳಿ ಕೆಲಸ ಕೊಡುವ ಒಪ್ಪಂದವಾಯಿತು. ನಿಮ್ಮ ಬ್ರಾಂಡ್‌ಗೂ ಅಂಥ ಒಪ್ಪಂದ ಇದೆಯೇ ಎಂದು ಈಗಲೇ ಕೇಳಿ ತಿಳಿದಿಡಿ. ಇನ್ನೊಂದು ಬದಲಾವಣೆ: ಮುಚ್ಚಲು, ಲೇ ಆಫ್ ಮಾಡಲು ಸರ್ಕಾರದ ಅನುಮತಿ ಬೇಕಾದ ಮಿತಿ ಹಿಂದೆ 100 ಕಾರ್ಮಿಕರಿದ್ದದ್ದು ಹೊಸ ಸಂಹಿತೆಯಲ್ಲಿ 300ಕ್ಕೆ ಏರಿದೆ. ನಿಮ್ಮ ಯೂನಿಟ್‌ನಲ್ಲಿ ಎಷ್ಟು ಜನ ಎಂಬ ಲೆಕ್ಕಕ್ಕೆ ಆಧಾರ ಇಟ್ಟುಕೊಳ್ಳಿ.

ಹಂತ 8: ಉತ್ತರ ಬರದಿದ್ದರೆ

ಹದಿನಾಲ್ಕು ದಿನದ ನಂತರ ಒಂದು ನೆನಪೋಲೆ, ಇನ್ನೊಂದು ವಾರದ ಗಡುವು. ಆಮೇಲೆ ಮೇಲಿನ ಬಾಗಿಲು.

ಕಾರ್ಖಾನೆಗಳ ದುಡಿಮೆಯ ಸ್ಥಿತಿ ನೋಡುವ ಫೇರ್ ವೇರ್ ಅಥವಾ ಫೇರ್ ಲೇಬರ್ ಅಸೋಸಿಯೇಷನ್‌ನಲ್ಲಿ ಬ್ರಾಂಡ್ ಸದಸ್ಯನಾಗಿದ್ದರೆ ಆ ಸಂಸ್ಥೆಗಳದೇ ದೂರು ವ್ಯವಸ್ಥೆ ಇದೆ. ಅಮೆರಿಕದ ವಿಶ್ವವಿದ್ಯಾಲಯಗಳ ಲೋಗೊ ಇರುವ ಬಟ್ಟೆಯಾದರೆ ವರ್ಕರ್ ರೈಟ್ಸ್ ಕನ್ಸೋರ್ಟಿಯಂ. ಜರ್ಮನಿಯ ಕಂಪನಿಯಾದರೆ ಆ ದೇಶದ ಬಾಫಾ ಎಂಬ ಸರ್ಕಾರಿ ಕಚೇರಿಗೆ ನೇರ ದೂರು ಕೊಡಬಹುದು. ಬಹುರಾಷ್ಟ್ರೀಯ ಕಂಪನಿಗಳ ನಡತೆಯ ಬಗ್ಗೆ ಒಇಸಿಡಿ ಎಂಬ ದೇಶಗಳ ಒಕ್ಕೂಟ ಮಾಡಿದ ಮಾರ್ಗಸೂಚಿ ಒಪ್ಪಿದ ದೇಶಗಳಲ್ಲಿ ರಾಷ್ಟ್ರೀಯ ಸಂಪರ್ಕ ಕೇಂದ್ರ ಎಂಬ ಕಚೇರಿ ಇರುತ್ತದೆ. ಭಾರತ ಒಪ್ಪಿಲ್ಲದಿದ್ದರೂ ಬ್ರಾಂಡಿನ ತಾಯ್ನಾಡಿನ ಕೇಂದ್ರಕ್ಕೆ ಹೋಗಬಹುದು, ಆದರೆ ನಿಧಾನ. ಗಾರ್ಮೆಂಟ್ಸ್ ಸುರಕ್ಷತೆಗೆ ಬ್ರಾಂಡ್‌ಗಳು ಮತ್ತು ಯೂನಿಯನ್‌ಗಳು ಮಾಡಿಕೊಂಡ ಅಂತರರಾಷ್ಟ್ರೀಯ ಅಕಾರ್ಡ್ ಎಂಬ ಒಪ್ಪಂದದ ಕಚೇರಿಗೆ ಬರೆದು ಸಮಯ ಕಳೆಯಬೇಡಿ, ಅದರ ದೂರು ವ್ಯವಸ್ಥೆ ಇರುವುದು ಬಾಂಗ್ಲಾದೇಶ ಮತ್ತು ಪಾಕಿಸ್ತಾನದ ಕಾರ್ಖಾನೆಗಳಿಗೆ.

ಪತ್ರಿಕೆ, ಟಿವಿ, ಸಾಮಾಜಿಕ ಜಾಲತಾಣ ಇವೆಲ್ಲಕ್ಕಿಂತ ಆಮೇಲೆ. ಬಹಿರಂಗವಾದ ಮೇಲೆ ಬ್ರಾಂಡ್‌ನವರು ತಮ್ಮ ವಕೀಲರ ಮೂಲಕ ಮಾತ್ರ ಮಾತಾಡುತ್ತಾರೆ, ಮಾತುಕತೆಯ ದಾರಿ ಕಿರಿದಾಗುತ್ತದೆ. ಹೋಗಲೇಬೇಕಾದರೆ ಲೆಕ್ಕ, ಸ್ವೀಕೃತಿ, ಬಾರದ ಉತ್ತರಗಳ ದಿನಾಂಕಗಳನ್ನು ಒಟ್ಟಿಗೆ ಹಿಡಿದು ಹೋಗಿ. ಜರ್ಮನಿ, ಬ್ರಿಟನ್, ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಆ ಹೊತ್ತಿಗೆ ಅಲ್ಲಿನ ಸಂಘಟನೆಗಳ ಜೊತೆ ಮಾತಾಡಿ, ಅಲ್ಲಿನ ಭಾಷೆಯಲ್ಲಿ ಪತ್ರ ಬರೆದುಕೊಟ್ಟು ನಿಜವಾದ ನೆರವಾಗಬಹುದು.

ಹಂತ 9: "ಸರಿಹೋಯಿತು" ಎಂದ ಮೇಲೆ

ಬ್ರಾಂಡ್‌ನಿಂದ "ಸಮಸ್ಯೆ ಪರಿಹಾರವಾಗಿದೆ" ಎಂಬ ಇಮೇಲ್ ಬಂದರೆ ದೂರು ಮುಗಿಸಲು ಒಪ್ಪುವ ಮುನ್ನ ಐದು ಬೇರೆ ಬೇರೆ ಲೈನಿನವರ ಪಾಸ್‌ಬುಕ್ ನೋಡಿ. ಬಾಕಿ ಮೊತ್ತ ನಿಮ್ಮ ಲೆಕ್ಕಕ್ಕೆ ಹೊಂದುತ್ತದೆಯೇ, ಮೂಲ ವೇತನ, ತುಟ್ಟಿಭತ್ಯೆ ಬಾಕಿಯಾಗಿದ್ದರೆ ಅದರ ಮೇಲಿನ ಪಿಎಫ್ ಸೇರಿದೆಯೇ ಪರೀಕ್ಷಿಸಿ. ಮುಂದಿನ ಮೂರು ತಿಂಗಳ ಸ್ಲಿಪ್‌ಗಳನ್ನೂ ನೋಡಿ. ಒಂದು ಸಲ ಕೊಟ್ಟು ಹಳೆಯ ದರಕ್ಕೆ ಮರಳುವುದು ಉಂಟು.

ಒಪ್ಪಂದ ಏನೇ ಆದರೂ ಕಾಗದದ ಮೇಲೆ ಯೂನಿಯನ್ ಸಹಿಯೊಂದಿಗೆ ಇರಲಿ, ಮುರಿದರೆ ಏನಾಗುತ್ತದೆ ಎಂಬುದೂ ಅದರಲ್ಲಿರಲಿ. ತಮಿಳುನಾಡಿನ ದಿಂಡುಗಲ್‌ನಲ್ಲಿ 2022ರಲ್ಲಿ ಆದ ಒಪ್ಪಂದ ಇದಕ್ಕೆ ಒಳ್ಳೆಯ ಮಾದರಿ. ಮಹಿಳೆಯರ ಮೇಲಿನ ದೌರ್ಜನ್ಯ ತಡೆಯಲು ಯೂನಿಯನ್ ಮತ್ತು ಕಾರ್ಖಾನೆ ಒಪ್ಪಿದ್ದನ್ನು ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ತಮ್ಮ ಆರ್ಡರ್‌ಗಳ ಜೊತೆ ಕಟ್ಟಿಹಾಕಿಕೊಂಡವು. ಕಾರ್ಮಿಕರಲ್ಲೇ ಆಯ್ದ ಮಹಿಳೆಯರು ಫ್ಲೋರ್‌ನಲ್ಲಿ ಉಸ್ತುವಾರಿ ನೋಡುವ ವ್ಯವಸ್ಥೆ ಅದರಲ್ಲಿತ್ತು.

ಕೆಲಸ ಬಿಟ್ಟವರ ಪಟ್ಟಿ ಕೊನೆಯದಾಗಿ ಮಾಡುವ ಕೆಲಸವಾದರೂ ಬಿಡುವಂಥದ್ದಲ್ಲ. ಬಾಕಿ ಇದ್ದ ಅವಧಿಯಲ್ಲಿ ದುಡಿದು, ಮದುವೆ, ಬಾಣಂತನ, ಊರಿಗೆ ಹೋದ ಕಾರಣಕ್ಕೆ ಬಿಟ್ಟವರಿಗೂ ಆ ದುಡ್ಡು ಸೇರಬೇಕು. ಕಾರ್ಖಾನೆಯ ಬಳಿ ಇರುವ ಅವರ ಬ್ಯಾಂಕ್ ಖಾತೆ ಹೆಚ್ಚಾಗಿ ಚಾಲ್ತಿಯಲ್ಲಿರುವುದಿಲ್ಲ, ಫೋನ್ ನಂಬರ್ ಬದಲಾಗಿರುತ್ತದೆ. ಹೆಸರು, ಟೋಕನ್ ನಂಬರ್, ಯುಎಎನ್, ಈಗಿನ ಖಾತೆ, ಈಗಿನ ಫೋನ್ ಬರೆದು ಯೂನಿಯನ್ ಮೂಲಕ ಕಾರ್ಖಾನೆಗೂ ಬ್ರಾಂಡ್‌ಗೂ ಕೊಡಿ. ತೀರಿಕೊಂಡವರಿದ್ದರೆ ಅವರ ನಾಮಿನಿ ಹೆಸರೂ ಸೇರಲಿ. ದುಡ್ಡು ಜಮಾ ಆದವರ ಮುಂದೆ ಗುರುತು ಹಾಕುತ್ತ ಹೋಗಿ, ಪಟ್ಟಿಯ ಕೊನೆಯ ಹೆಸರಿಗೂ ಗುರುತು ಬಿದ್ದ ಮೇಲೆ ದೂರು ಮುಕ್ತಾಯದ ಪತ್ರಕ್ಕೆ ಸಹಿ ಹಾಕಿ.